ಹನ್ನೆರಡು ಜಿಬಿಗೆ ಕೊಟ್ಟ ದುಡ್ಡು

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವವರಲ್ಲಿ ಹೆಚ್ಚಿನವರು ಡಬ್ಬಿಯ ಮೇಲಿನ ಅಂಕಿಗೆ ದುಡ್ಡು ಕೊಡುತ್ತಾರೆ. 4060 ಎಂದರೆ 3060ಕ್ಕಿಂತ ದೊಡ್ಡದು, ಆದ್ದರಿಂದ ಒಳ್ಳೆಯದು ಎಂಬಷ್ಟೇ ಲೆಕ್ಕ. 2023ರ ದೀಪಾವಳಿ ಹೊತ್ತಿಗೆ ನಮ್ಮ ಮನೆಯಲ್ಲೂ ಇದೇ ಚರ್ಚೆ. ಕುಮಟಾದಲ್ಲಿ ಮದುವೆ, ಉಪನಯನ, ಯಕ್ಷಗಾನಗಳ ವಿಡಿಯೋ ಎಡಿಟಿಂಗ್ ಮಾಡಿಕೊಂಡಿರುವ ಅಕ್ಕನ ಮಗನಿಗೆ ಕಾರ್ಡ್ ಬೇಕಿತ್ತು, ದುಡ್ಡು ಹಾಕುವವನು ನಾನು. "ಮಾವ, 4060 ಹೊಸದು, ಕರೆಂಟೂ ಕಮ್ಮಿ ತಿಂತದೆ" ಎಂಬುದು ಅವನ ವಾದ. ಅಂಗಡಿಯವರು 3060ಕ್ಕೆ 27 ಸಾವಿರ, 4060ಕ್ಕೆ 30 ಸಾವಿರ ಹೇಳಿದ್ದರು. ತಂದದ್ದು 12 ಜಿಬಿಯ 3060. ಎರಡಕ್ಕೂ ಕಂಪನಿಯೇ 550 ವಾಟ್ ಪವರ್ ಸಪ್ಲೈ ಇರಲಿ ಎನ್ನುವುದರಿಂದ ಅದನ್ನೂ ಬದಲಿಸಬೇಕಾಯಿತು. ಒಟ್ಟು 32 ಸಾವಿರ. ಸಣ್ಣ ಸ್ಟುಡಿಯೋಗೆ ಇದು ಸಣ್ಣ ಮೊತ್ತವಲ್ಲ.

ಮೊದಲು ಕಾಗದದ ಮೇಲಿನ ಹೋಲಿಕೆ. 3060 ಬಂದದ್ದು 2021ರ ಫೆಬ್ರವರಿಯಲ್ಲಿ, 4060 ಬಂದದ್ದು 2023ರ ಜೂನ್ ಕೊನೆಗೆ. ಹಳೆಯದರಲ್ಲಿ 3584 ಕೂಡಾ (CUDA) ಕೋರ್, 192 ಬಿಟ್ ಬಸ್, ಸೆಕೆಂಡಿಗೆ 360 ಜಿಬಿ ಬ್ಯಾಂಡ್‌ವಿಡ್ತ್. ಹೊಸದರಲ್ಲಿ 3072 ಕೋರ್, 128 ಬಿಟ್, 272 ಜಿಬಿ, ಮೆಮೊರಿ 8 ಜಿಬಿ. ಇಷ್ಟನ್ನೇ ನೋಡಿದರೆ ಹಳೆಯದೇ ಮೇಲು. ಆದರೆ 4060ರ ಬೂಸ್ಟ್ ವೇಗ 2.46 ಗಿಗಾಹರ್ಟ್ಸ್, 3060ರದ್ದು 1.78. ಎಲ್2 ಕ್ಯಾಶ್ 3 ಎಂಬಿಯಿಂದ 24 ಎಂಬಿಗೆ ಏರಿದೆ. ಹಾಗಾಗಿ ಫುಲ್ ಎಚ್‌ಡಿ ಆಟಗಳಲ್ಲಿ 4060 ಸುಮಾರು ಶೇ 15ರಿಂದ 20ರಷ್ಟು ಮುಂದಿದೆ. ಡಿಎಲ್‌ಎಸ್‌ಎಸ್ 3ರ ಫ್ರೇಮ್ ಜನರೇಷನ್ ಇರುವುದೂ ಅದರಲ್ಲೇ. ಆಟಕ್ಕೆಂದೇ ಕೊಳ್ಳುವವರು 4060 ಕೊಂಡರೆ ನನ್ನ ತಕರಾರಿಲ್ಲ.

ನಮ್ಮ ಕೆಲಸ ಆಟದ್ದಲ್ಲ, ಬಯಲಾಟದ್ದು. ಕೆರೆಮನೆ ಮೇಳದ ಗುಣವಂತೆಯಿಂದ ಭಟ್ಕಳದವರೆಗೆ ಈಗ ಕ್ಯಾಮೆರಾ ಇಲ್ಲದ ರಾತ್ರಿ ಆಟವೇ ಅಪರೂಪ. ರಂಗಸ್ಥಳದಲ್ಲಿ ಬೆಳಕು, ಹಿಂದೆ ಕತ್ತಲು. 4ಕೆಯಲ್ಲಿ ತೆಗೆದರೆ ಆ ಕತ್ತಲೆಲ್ಲ ಕಾಳುಕಾಳು. ಅದನ್ನು ತೆಗೆಯಲು ಡಾವಿಂಚಿ ರಿಸಾಲ್ವ್‌ನಲ್ಲಿ ನಾಯ್ಸ್ ರಿಡಕ್ಷನ್ ಹಾಕಿದ ಕೂಡಲೇ ಕಾರ್ಡಿನ ಮೆಮೊರಿ ತುಂಬತೊಡಗುತ್ತದೆ. ಇಂಥ ಕೆಲಸದಲ್ಲಿ 8 ಜಿಬಿ ಬೇಗ ಮುಗಿಯುತ್ತದೆ, ಮೆಮೊರಿ ತುಂಬಿದೆ ಎಂಬ ಸಂದೇಶ ಬಂದು ರೆಂಡರ್ ನಿಲ್ಲುತ್ತದೆ. ಅಂಗಳ ಚಿಕ್ಕದಾದರೆ ಆಳು ಎಷ್ಟಿದ್ದರೂ ಅಡಿಕೆ ಹರವಲಾಗದು. ಇನ್ನೊಂದು ಮಾತು: 4060 ಪಿಸಿಐಇಯ ಎಂಟು ಲೇನ್ ಮಾತ್ರ ಬಳಸುತ್ತದೆ, 3060 ಹದಿನಾರನ್ನೂ ಬಳಸುತ್ತದೆ. ನಮ್ಮದರಂಥ ಮೂರನೇ ಪೀಳಿಗೆಯ ಹಳೆ ಮದರ್‌ಬೋರ್ಡಿನಲ್ಲಿ ಮೆಮೊರಿ ತುಂಬಿ ಹೊರಚೆಲ್ಲಿದಾಗ ಈ ಕೊರತೆ ಎದ್ದು ಕಾಣುತ್ತದೆ.

4060ಕ್ಕೂ ಅದರದೇ ಬಲವಿದೆ. ಎವಿ1 ಎನ್‌ಕೋಡರ್ ಇರುವುದು ಅದರಲ್ಲಿ ಮಾತ್ರ, 3060 ಎವಿ1 ವಿಡಿಯೋ ತೋರಿಸಬಲ್ಲದು, ಮಾಡಲಾರದು. ದಿನವೂ ಯೂಟ್ಯೂಬ್ ನೇರಪ್ರಸಾರ ಮಾಡುವವರಿಗೆ, ಮಂದ ಇಂಟರ್ನೆಟ್‌ನಲ್ಲಿ ಇಡೀ ರಾತ್ರಿಯ ಆಟ ಅಪ್‌ಲೋಡ್ ಮಾಡುವವರಿಗೆ ಇದು ದೊಡ್ಡ ಲಾಭ.

ಇನ್ನು ಅಳಿಯನ ಕರೆಂಟಿನ ವಾದ. 3060 ಗರಿಷ್ಠ 170 ವಾಟ್, 4060 115 ವಾಟ್. ವ್ಯತ್ಯಾಸ 55. ದಿನಕ್ಕೆ ಆರು ಗಂಟೆ ಪೂರ್ತಿ ಹೊರೆಯಲ್ಲಿ ಓಡಿದರೆ 330 ವಾಟ್-ಅವರ್, ಅಂದರೆ ಒಂದು ಯೂನಿಟ್ಟಿನ ಮೂರನೇ ಒಂದು ಭಾಗ. ತಿಂಗಳಿಗೆ 25 ದಿನ ಹಿಡಿದರೆ 8.25 ಯೂನಿಟ್, ವರ್ಷಕ್ಕೆ 99. ಯೂನಿಟ್ಟಿಗೆ 7 ರೂಪಾಯಿ ಎಂದು ಇಟ್ಟುಕೊಳ್ಳಿ, 693 ರೂಪಾಯಿ ಆಯಿತು. 4060ಕ್ಕೆ ಹೆಚ್ಚು ಕೊಡಬೇಕಿದ್ದದ್ದು 3,000. ಅದು ಕರೆಂಟಿನಲ್ಲಿ ವಾಪಸ್ ಬರಲು ನಾಲ್ಕು ವರ್ಷ ನಾಲ್ಕು ತಿಂಗಳು ಬೇಕು. ಆದರೆ ಎಡಿಟಿಂಗ್‌ನಲ್ಲಿ ಕಾರ್ಡ್ ಪೂರ್ತಿ ದುಡಿಯುವುದು ರೆಂಡರ್ ಹೊತ್ತಿನಲ್ಲಿ. ದೃಶ್ಯ ಕತ್ತರಿಸಿ ಜೋಡಿಸುವಾಗ ಅರೆ ನಿದ್ದೆ. ಹೊರೆಯನ್ನು ಅರ್ಧಕ್ಕೆ ಇಳಿಸಿದರೆ ಉಳಿತಾಯವೂ ವರ್ಷಕ್ಕೆ 350ರ ಒಳಗೆ, ವಾಪಸ್ ಬರಲು ಎಂಟೂವರೆ ವರ್ಷದ ಮೇಲೆ. ಕಾರ್ಡಿನ ವಾರಂಟಿ ಮೂರು ವರ್ಷ. ಅದರ ಮೇಲೆ ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆಗಾಲದ ತೇವ. ಕರೆಂಟ್ ಉಳಿಸಲೆಂದು ದುಬಾರಿ ಕಾರ್ಡ್ ಕೊಳ್ಳಿ ಎನ್ನುವವರು ಈ ಲೆಕ್ಕವನ್ನು ಕಾಗದದಲ್ಲಿ ಬರೆದು ತೋರಿಸಲಿ.

ಅಂಗಡಿಯವರ ಮುಂದಿನ ಅಸ್ತ್ರ ನೋ ಕಾಸ್ಟ್ ಇಎಂಐ. ಈ ಹೆಸರು ಕೇಳಿದರೇ ನನಗೆ ರೇಗುತ್ತದೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಶೇ 18 ಜಿಎಸ್‌ಟಿ, ಪ್ರೊಸೆಸಿಂಗ್ ಫೀ, ನಗದಿಗೆ ಸಿಗುತ್ತಿದ್ದ ರಿಯಾಯಿತಿಯ ನಷ್ಟ, ಎಲ್ಲ ನಿಮ್ಮ ತಲೆಗೇ. ದೀಪಾವಳಿಗೆ ಒಂಬತ್ತು ಕಂತು ಶುರುಮಾಡಿದರೆ ಕೊನೆಯವು ಬೀಳುವುದು ಮಳೆಗಾಲದಲ್ಲಿ. ಆಷಾಢದಲ್ಲಿ ಮದುವೆ ಇಲ್ಲ, ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ, ಸ್ಟುಡಿಯೋಗೆ ಬಾಡಿಗೆ ಹುಟ್ಟುವುದೇ ಕಷ್ಟ. ಬ್ಯಾಂಕಿಗೆ ಆಷಾಢ ಇಲ್ಲ.

ಭಟ್ಕಳದ ಗೆಳೆಯರು ದುಬೈಯಿಂದ ತರಿಸಿಕೊಳ್ಳಿ ಎಂದರು. ಅಲ್ಲಿ ವ್ಯಾಟ್ ಶೇ 5, ಇಲ್ಲಿ ಜಿಎಸ್‌ಟಿ ಶೇ 18. ಆಸೆ ಹುಟ್ಟುವುದು ಸಹಜ. ಆದರೆ ಹಲವು ಕಂಪನಿಗಳ ವಾರಂಟಿ ಕೊಂಡ ದೇಶಕ್ಕಷ್ಟೇ ಸೀಮಿತ. ಕೆಟ್ಟ ಕಾರ್ಡನ್ನು ರಿಪೇರಿಗೆ ಮತ್ತೆ ದುಬೈಗೆ ಕಳಿಸುವವರು ಯಾರು?

ಇದೆಲ್ಲಕ್ಕಿಂತ ದೊಡ್ಡದು ಅಭ್ಯಾಸ. ಯಾವ ಕೆಲಸಕ್ಕೆ ಎಷ್ಟು ಹೊತ್ತು ರೆಂಡರ್ ಆಯಿತು, ಎಲ್ಲಿ ನಿಂತಿತು, ಎಷ್ಟು ದುಡ್ಡು ಬಂತು ಎಂದು ಬರೆದಿಡುವ ಸ್ಟುಡಿಯೋ ನಾನು ಹೊನ್ನಾವರದಲ್ಲೂ ಕಂಡಿಲ್ಲ, ಕುಮಟಾದಲ್ಲೂ ಕಂಡಿಲ್ಲ. ಯೂಟ್ಯೂಬ್ ವಿಮರ್ಶೆ ಮಾತ್ರ ಬಾಯಿಪಾಠ. ಒಂದು ಸೀಸನ್ ನೋಟ್‌ಬುಕ್ ಬರೆಯಿರಿ. ನಿಮ್ಮ ಕೆಲಸ ನಿಲ್ಲುವುದು ಮೆಮೊರಿಗೋ, ವೇಗಕ್ಕೋ, ಹಳೆ ಹಾರ್ಡ್ ಡಿಸ್ಕಿಗೋ ಎಂದು ಅದೇ ಹೇಳುತ್ತದೆ.

ಈಗ ಕೊಳ್ಳುವವರಿಗೆ: 3060 ಹೆಸರಿನಲ್ಲೇ 8 ಜಿಬಿಯ ಕಾರ್ಡೂ ಇದೆ. ಅದರದ್ದು 128 ಬಿಟ್, 240 ಜಿಬಿ ಬ್ಯಾಂಡ್‌ವಿಡ್ತ್. ಬಿಲ್ಲಿನಲ್ಲಿ 12 ಜಿಬಿ ಎಂದು ಬರೆಸಿಕೊಳ್ಳಿ. 2025ರ ಮೇ ತಿಂಗಳಲ್ಲಿ ಬಂದ 5060 ಕೂಡ 8 ಜಿಬಿಯದೇ. ರಾತ್ರಿ ಆಟವನ್ನು 4ಕೆಯಲ್ಲಿ ತಿದ್ದುವವರು ಮೆಮೊರಿಗೆ ದುಡ್ಡು ಕೊಡಿ. ನೇರಪ್ರಸಾರದವರು, ಕಂಪ್ಯೂಟರ್ ಆಟದವರು ಹೊಸದಕ್ಕೆ ಕೊಡಿ. ಫುಲ್ ಎಚ್‌ಡಿಯಲ್ಲಿ ಮದುವೆ ಮಾತ್ರ ಮಾಡುವವರಿಗೆ ಎರಡೂ ಬೇಡ. ಆ ದುಡ್ಡಿನಲ್ಲಿ ಮೊದಲು ಬ್ಯಾಕಪ್‌ಗೆ ಇನ್ನೊಂದು ಹಾರ್ಡ್ ಡಿಸ್ಕ್ ಕೊಳ್ಳಿ. ಕಳೆದುಹೋದ ಮದುವೆಯನ್ನು ಯಾವ ಕಾರ್ಡೂ ರೆಂಡರ್ ಮಾಡಿಕೊಡುವುದಿಲ್ಲ.