ಪಾಯಿಂಟ್ ಟೂ ಟೂ ರೈಫಲ್ಲಿನ ಗುರಿ ತಪ್ಪುವುದೇಕೆ?

ನಮ್ಮಪ್ಪನಿಂದ ನನಗೆ ಬಂದ ಆಸ್ತಿ ಮೂರು. ಏಳು ಎಕರೆ ಮಸಾರಿ ಹೊಲ, ಒಂದು ಎತ್ತಿನ ಗಾಡಿ, ಒಂದು .22 ರೈಫಲ್ಲು. ಗಾಡಿ ಮುರಿದು ಸೌದೆ ಆಯಿತು. ಹೊಲ ಮತ್ತು ಬಂದೂಕು ಉಳಿದಿವೆ. ಲೈಸೆನ್ಸು ನನ್ನ ಹೆಸರಿಗೆ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಈ ಬಂದೂಕಿನ ಗುರಿ ಕೆಟ್ಟು, ಅದರ ಕಾರಣ ಹುಡುಕಲು ನನಗೆ ಒಂದು ವರ್ಷ ಹಿಡಿಯಿತು. ಬೆಳೆ ಕಾಯಲೆಂದು ಲೈಸೆನ್ಸು ಪಡೆದು ಬಂದೂಕು ಇಟ್ಟುಕೊಂಡ ರೈತರು ಅಲ್ಲಲ್ಲಿ ಇದ್ದಾರೆ. ಅವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

2023ರ ವಿಧಾನಸಭೆ ಚುನಾವಣೆಗೆ ಒಮ್ಮೆ, 2024ರ ಲೋಕಸಭೆ ಚುನಾವಣೆಗೆ ಮತ್ತೊಮ್ಮೆ ಬಂದೂಕನ್ನು ಠಾಣೆಯಲ್ಲಿ ಇಟ್ಟಿದ್ದೆ. ಎರಡನೇ ಸಲ ತಂದಾಗ ಅಲ್ಲಲ್ಲಿ ತುಕ್ಕಿನ ಚುಕ್ಕೆ ಕಂಡವು. ಮರದಿಂದ ಬಿಚ್ಚಿ ಒರೆಸಿ, ಎಣ್ಣೆ ಹಚ್ಚಿ ಮತ್ತೆ ಜೋಡಿಸಿದೆ. ಒಂದು ಸಂಜೆ ಹೊಲದ ಬದುವಿನ ಮೇಲೆ ಡಬ್ಬಿಯ ಮುಚ್ಚಳ ನಿಲ್ಲಿಸಿ ಐವತ್ತು ಹೆಜ್ಜೆಯಿಂದ ಹೊಡೆದೆ. ಮೊದಲೆರಡು ಗುಂಡು ಮಣ್ಣಿಗೆ ಬಿದ್ದವು. ಮೂರನೆಯದು ಎಲ್ಲಿಗೆ ಹೋಯಿತೋ ಗೊತ್ತಾಗಲಿಲ್ಲ. ಸ್ವಲ್ಪ ಹೊತ್ತಿಗೆ ಬದುವಿನಾಚೆಯಿಂದ ಒಬ್ಬ ಕುರಿಗಾರ ಬಂದ. ಪಕ್ಕದ ಬೀಳು ಹೊಲದಲ್ಲಿ ಅವರು ಕುರಿ ತರುಬಿದ್ದು ನಾನು ನೋಡಿರಲಿಲ್ಲ. ‘ಯಜಮಾನ್ರೆ, ನಿಮ್ಮ ಗುಂಡು ನಮ್ಮ ತಲೆ ಮ್ಯಾಲೆ ಸುಂಯ್ ಅಂತ ಹೋತು, ಮಕ್ಕಳು ಅದಾವ ಅಲ್ಲಿ’ ಅಂದ. ಸಿಟ್ಟು ಕೂಡ ಮಾಡಲಿಲ್ಲ. ಅವತ್ತು ರಾತ್ರಿ ನನಗೆ ಊಟ ಸೇರಲಿಲ್ಲ.

ಈ ಗುಂಡಿನ ತೂಕ ಎರಡೂವರೆ ಗ್ರಾಂಗಿಂತ ತುಸು ಹೆಚ್ಚು, ಐದಾರು ಶೇಂಗಾ ಬೀಜದಷ್ಟು. ಆದರೆ ನಳಿಗೆ ಮೇಲಕ್ಕೆತ್ತಿ ಹೊಡೆದರೆ ಒಂದೂವರೆ ಕಿಲೋಮೀಟರಿನಷ್ಟು ದೂರ ಹೋಗುತ್ತದೆ. ‘ಬರೇ ಟೂ ಟೂ ತಾನೆ’ ಎಂದು ಸಣ್ಣದಾಗಿ ನೋಡುವವರಲ್ಲಿ ನಾನೂ ಒಬ್ಬನಾಗಿದ್ದೆ. ಪ್ರಾಣಿ ಹೆದರಿಸಲು ಆಕಾಶಕ್ಕೆ ಹೊಡೆಯುವುದೂ ಅಷ್ಟೇ ತಪ್ಪು. ಹೋದದ್ದು ಎಲ್ಲೋ ಒಂದು ಕಡೆ ಇಳಿಯಲೇಬೇಕು. ಇನ್ನು ಹಂದಿಯ ಮಾತು. ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಇಲ್ಲದೆ ಹಂದಿ ಹೊಡೆಯುವಂತಿಲ್ಲ. ಕೃಷ್ಣಮೃಗ, ನವಿಲಿನ ಮಾತಂತೂ ಎತ್ತುವಂತೆಯೇ ಇಲ್ಲ. ಅಪ್ಪಣೆ ಸಿಕ್ಕಿದರೂ ಟೂ ಟೂ ಗುಂಡಿಗೆ ಹಂದಿ ಸಾಯುವುದಿಲ್ಲ, ಗಾಯಗೊಂಡು ಪೊದೆ ಸೇರಿ ನರಳುತ್ತದೆ. ನಾನು ಈಗ ಇದನ್ನು ಬಳಸುವುದು ಕಾಗದದ ಗುರಿಗೆ, ಅದೂ ರೈಫಲ್ ಕ್ಲಬ್ಬಿನ ಮೈದಾನದಲ್ಲಿ ಮಾತ್ರ. ಕುರಿಗಾರ ಬಂದು ಹೋದ ಮೇಲೆ ಹೊಲದಲ್ಲಿ ಗುಂಡು ಹಾರಿಸಿಲ್ಲ.

ದೀಪಾವಳಿಗೆ ನನ್ನ ತಮ್ಮನ ಮಗಳು ಊರಿಗೆ ಬಂದಿದ್ದಳು. ಕಾಲೇಜಿನ ಎನ್‌ಸಿಸಿಯಲ್ಲಿ ಇದೇ .22ರಲ್ಲಿ ಹೊಡೆದು ಕಲಿತವಳು. ‘ಗುರಿ ಕೆಟ್ಟಿದೆ, ಸೈಟು ಬದಲಿಸಬೇಕು’ ಅಂದೆ. ಅವಳು ಕೇಳಿದ್ದು ಒಂದೇ ಮಾತು. ‘ದೊಡ್ಡಪ್ಪ, ಐದು ಗುಂಡು ಒಂದೇ ಕಡೆ ಬೀಳ್ತಾವೋ, ಚೆಲ್ಲಾಪಿಲ್ಲಿ ಬೀಳ್ತಾವೋ?’ ನನ್ನಲ್ಲಿ ಉತ್ತರ ಇರಲಿಲ್ಲ. ಐವತ್ತೈದು ವರ್ಷದವನಿಗೆ ಇದು ಹೊಳೆದಿರಲಿಲ್ಲ.

ಎಲ್ಲ ಇರುವುದು ಆ ಪ್ರಶ್ನೆಯಲ್ಲೇ. ಒಂದೇ ಚುಕ್ಕೆಗೆ ಗುರಿಯಿಟ್ಟು ಐದು ಗುಂಡು ಹೊಡೆಯಬೇಕು. ನಡುವೆ ಸೈಟು ಮುಟ್ಟಬಾರದು. ಐದೂ ಒತ್ತಾಗಿ ಬಿದ್ದು, ಆದರೆ ಚುಕ್ಕೆಯಿಂದ ಬೇರೆ ಕಡೆ ಇದ್ದರೆ ಬಂದೂಕು ಚೆನ್ನಾಗಿದೆ, ಸೈಟು ತಿರುಗಿಸಿದರೆ ಸಾಕು. ಚೆಲ್ಲಾಪಿಲ್ಲಿ ಬಿದ್ದರೆ ಸೈಟು ತಿರುಗಿಸಿ ಏನೂ ಪ್ರಯೋಜನವಿಲ್ಲ, ರೋಗ ಬೇರೆ ಕಡೆ ಇದೆ. ಮೇಲೆ ಕೆಳಗೆ ಸಾಲಾಗಿ ಬಿದ್ದರೆ ತೋಟಾ ಅಥವಾ ಹೊಡೆಯುವವನ ಉಸಿರಿನ ಮೇಲೆ ಅನುಮಾನ. ಅಡ್ಡ ಸಾಲಾದರೆ ಗಾಳಿ, ಇಲ್ಲವೆ ಕುದುರೆಯನ್ನು ಜಗ್ಗಿ ಎಳೆದದ್ದು. ಎರಡು ಗುಂಪಾಗಿ, ಎರಡು ಇಲ್ಲಿ ಮೂರು ಅಲ್ಲಿ ಬಿದ್ದರೆ ಏನೋ ಸಡಿಲವಾಗಿದೆ, ಹೊಡೆದ ಪೆಟ್ಟಿಗೆ ಅತ್ತಿತ್ತ ಕೂರುತ್ತಿದೆ ಎಂದು ಅರ್ಥ.

ಜಿಲ್ಲಾ ಕೇಂದ್ರದಲ್ಲಿ ಒಂದು ಕ್ಲಬ್ಬಿದೆ, ಅಲ್ಲಿಗೆ ಸದಸ್ಯನಾದೆ. ಮಿಲಿಟರಿಯಿಂದ ನಿವೃತ್ತರಾದ ಒಬ್ಬರು ಅಲ್ಲಿ ಹೇಳಿಕೊಡುತ್ತಾರೆ. ಮೊದಲ ದಿನ ಐವತ್ತು ಮೀಟರಿನಲ್ಲಿ ಮರಳು ಚೀಲದ ಮೇಲಿಟ್ಟು ಐದು ಹೊಡೆದೆ. ಆರಂಗುಲ ಅಗಲಕ್ಕೆ ಹರಡಿದ್ದವು. ಊಟದ ತಟ್ಟೆಗಿಂತ ಚಿಕ್ಕದು. ಅವರು ನಕ್ಕು, ‘ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಮಾಡಿದರೆ ಯಾವುದರಿಂದ ಗುಣವಾಯಿತು ಗೊತ್ತಾಗಲ್ಲ’ ಎಂದರು. ಕೂರಿಗೆಯಲ್ಲಿ ಒಂದು ಸಾಲಿಗೆ ಬೀಜ ಬೀಳದಿದ್ದರೆ ನಾವೂ ಹಾಗೇ ತಾನೆ ಮಾಡುವುದು? ಮೊದಲು ಕೊಳವೆಯಲ್ಲಿ ಮಣ್ಣು ಕಟ್ಟಿದೆಯೇ ನೋಡುತ್ತೇವೆ, ಕೂರಿಗೆಯನ್ನೇ ಒಡೆಯುವುದಿಲ್ಲ.

ಮೊದಲು ತಿರುಪುಗಳು. ನಳಿಗೆಯನ್ನು ಮರಕ್ಕೆ ಹಿಡಿದಿರುವುದು ನನ್ನ ಬಂದೂಕಿನಲ್ಲಿ ಎರಡು ತಿರುಪು. ಮುಂದಿನದು ಒಂದೂವರೆ ಸುತ್ತು ಸಡಿಲವಿತ್ತು. ತುಕ್ಕು ಒರೆಸಿದ ದಿನ ಜೋಡಿಸಿದವನು ನಾನೇ, ಠಾಣೆಯವರನ್ನು ಸುಮ್ಮನೆ ಬೈದುಕೊಂಡಿದ್ದೆ. ಮುಂದಿನದನ್ನು ಮೊದಲು, ಹಿಂದಿನದನ್ನು ಆಮೇಲೆ, ಎರಡನ್ನೂ ಒಂದೇ ಬಿಗಿಗೆ ತಂದೆವು. ಬೆರಳ ಬಲ ಸಾಕು, ತೋಳಿನ ಬಲ ಹಾಕಿದರೆ ಮರ ನುಗ್ಗುತ್ತದೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಾಗಾಗಿ ವರ್ಷಕ್ಕೆರಡು ಸಲ ನೋಡಬೇಕು. ಸೈಟಿನ ತಿರುಪುಗಳನ್ನೂ ಅದೇ ಹೊತ್ತಿಗೆ ಅಲುಗಾಡಿಸಿ ನೋಡುವುದು. ಮರದ ಮುಂಭಾಗಕ್ಕೂ ನಳಿಗೆಗೂ ನಡುವೆ ಒಂದು ಕಾಗದದ ಚೂರು ಎಳೆದು ನೋಡಿದೆವು. ಸಲೀಸಾಗಿ ಹೋಗಿ ಒಂದು ಕಡೆ ಮಾತ್ರ ಸಿಕ್ಕಿಕೊಂಡರೆ ಮರ ಅಲ್ಲಿ ಒತ್ತುತ್ತಿದೆ ಎಂದರ್ಥ. ಕೆಲವು ಬಂದೂಕುಗಳಲ್ಲಿ ತುದಿಗೆ ಹೀಗೆ ಒತ್ತುವಂತೆಯೇ ಮಾಡಿರುತ್ತಾರೆ, ಆದ್ದರಿಂದ ಕಂಡ ಕೂಡಲೆ ಮರ ಕೆತ್ತಬೇಡಿ. ನನ್ನದರಲ್ಲಿ ಕಾಗದ ಎಲ್ಲೂ ಸಿಗಲಿಲ್ಲ. ತಿರುಪು ಬಿಗಿದ ಮೇಲೆ ಆರಂಗುಲ ಮೂರೂವರೆಗೆ ಇಳಿಯಿತು.

ಎರಡನೆಯದು ತೋಟಾ. ನನ್ನ ಡಬ್ಬಿಯಲ್ಲಿ ಮೂರು ತರಹದವು ಬೆರೆತಿದ್ದವು. ಕೆಲವು ಅಪ್ಪನ ಕಾಲದವು, ತಗಡಿನ ಟ್ರಂಕಿನಲ್ಲಿ ಎಷ್ಟೋ ಬೇಸಿಗೆ ಬೆಂದವು. ಬಿತ್ತನೆ ಬೀಜಕ್ಕೆ ಹಳೆಯದು ಹೊಸದು ಬೆರೆಸುವುದಿಲ್ಲ, ಇದಕ್ಕೆ ಮಾತ್ರ ಬೆರೆಸಿದ್ದೆ. ಈ ತೋಟಾದಲ್ಲಿ ಕಿಡಿ ಹಿಡಿಯುವ ಮದ್ದು ಇರುವುದು ಹಿಂಬದಿಯ ಅಂಚಿನ ಒಳಗೆ, ಸುತ್ತಲೂ. ಮೊಳೆ ಅಂಚಿಗೆ ಬಡಿದಾಗ ಹತ್ತುತ್ತದೆ. ಆ ಮದ್ದು ಎಲ್ಲ ಕಡೆ ಸಮನಾಗಿ ಕೂರದಿದ್ದರೆ ಒಂದು ಗುಂಡು ಜೋರಾಗಿ, ಇನ್ನೊಂದು ಮೆಲ್ಲಗೆ ಹೋಗುತ್ತದೆ. ಅಗ್ಗದ ತೋಟಾದಲ್ಲಿ ಈ ವ್ಯತ್ಯಾಸ ಹೆಚ್ಚು. ಗುರಿಗೆ ಹೊಡೆಯುವವರು ವೇಗದ ತೋಟಾ ಬಳಸುವುದಿಲ್ಲ, ಶಬ್ದದ ವೇಗಕ್ಕಿಂತ ತುಸು ಕಡಿಮೆ ಇರುವುದನ್ನೇ ಆರಿಸುತ್ತಾರೆ. ವೇಗದ ಗುಂಡು ದಾರಿಯಲ್ಲಿ ಶಬ್ದದ ವೇಗದಿಂದ ಕೆಳಗಿಳಿಯುವಾಗ ತೂರಾಡುತ್ತದಂತೆ. ನಾಲ್ಕು ತರಹದ ತೋಟಾ ತರಿಸಿ ಒಂದೊಂದರಲ್ಲೂ ಹೊಡೆದು ನೋಡಿದೆ. ಎಲ್ಲಕ್ಕಿಂತ ದುಬಾರಿಯದು ನನ್ನ ನಳಿಗೆಗೆ ಒಗ್ಗಲಿಲ್ಲ, ಎರಡನೇ ಬೆಲೆಯದು ಒಗ್ಗಿತು. ಹೊಸ ತರಹ ಹಾಕಿದಾಗ ಮೊದಲ ಹತ್ತಿಪ್ಪತ್ತು ಗುಂಡಿನಿಂದ ತೀರ್ಮಾನ ಮಾಡಬಾರದು. ಗುಂಡಿನ ಮೇಲಿನ ಮೇಣ ನಳಿಗೆಯ ಒಳಗೆಲ್ಲ ಹತ್ತಬೇಕು. ಒಗ್ಗಿದ ಪೆಟ್ಟಿಗೆಯ ಬ್ಯಾಚ್ ನಂಬರು ಬರೆದಿಟ್ಟು ಅದೇ ನಂಬರಿನದು ಕೇಳಿ ತರುತ್ತೇನೆ. ಅಲ್ಲಿಗೆ ಎರಡೂವರೆ ಅಂಗುಲ.

ಆ ಹಳೇ ತೋಟಾಗಳಲ್ಲಿ ಎರಡು ಹತ್ತಲಿಲ್ಲ. ಹಾಗಾದಾಗ ಕೂಡಲೆ ಬೋಲ್ಟು ತೆರೆಯಬೇಡಿ. ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ತಡೆಯಿರಿ, ಒಮ್ಮೊಮ್ಮೆ ತಡವಾಗಿ ಹತ್ತುತ್ತದೆ. ಶಬ್ದ ಟುಸ್ ಅಂತ ಕಡಿಮೆ ಬಂದರೆ ಮುಂದಿನದು ಹಾಕದೆ, ಬಂದೂಕು ಖಾಲಿ ಮಾಡಿ, ಬೋಲ್ಟು ತೆಗೆದು ಹಿಂದಿನಿಂದ ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ. ಗುಂಡು ಒಳಗೇ ಸಿಕ್ಕಿರಬಹುದು. ಇನ್ನೊಂದು ಗುಂಡು ಅದರ ಮೇಲೆ ಹೋದರೆ ನಳಿಗೆ ಊದಿಕೊಳ್ಳುತ್ತದೆ. ತಿಂಗಳುಗಟ್ಟಲೆ ಇಟ್ಟು ತೆಗೆದಾಗಲೂ ಹೀಗೇ ನೋಡಬೇಕು. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಬಂದೂಕಿನ ತೂತು ಬಹಳ ಇಷ್ಟ.

ಮೂರನೆಯ ತಪ್ಪು ನನ್ನದೇ, ಇಪ್ಪತ್ತು ವರ್ಷದ್ದು. ನಾನು ನಳಿಗೆ ಒರೆಸುತ್ತಿದ್ದುದು ಕಬ್ಬಿಣದ ಸರಳಿನಿಂದ, ಅದೂ ಬಾಯಿಯ ಕಡೆಯಿಂದ. ಬಾಯಿಯ ಅಂಚಿನ ಕೆಳಭಾಗ ಸವೆದಿತ್ತು. ಹತ್ತಿಯನ್ನು ಕಡ್ಡಿಗೆ ಸುತ್ತಿ ಅಂಚಿನ ಸುತ್ತ ಆಡಿಸಿದರೆ ಒಂದು ಕಡೆ ಎಳೆ ಸಿಕ್ಕಿಕೊಳ್ಳುತ್ತಿತ್ತು. ನಳಿಗೆಯೊಳಗಿನ ಸುರುಳಿ ಗೆರೆಗಳು ಗುಂಡನ್ನು ಹದಿನಾರಂಗುಲಕ್ಕೆ ಒಂದು ಸುತ್ತು ತಿರುಗಿಸಿ ಕಳಿಸುತ್ತವೆ. ಗುಂಡು ಬಾಯಿ ಬಿಡುವ ಗಳಿಗೆಯಲ್ಲಿ ಅಂಚು ಒಂದು ಕಡೆ ತಗ್ಗಿದ್ದರೆ ಅಲ್ಲಿಂದ ಹೊಗೆ ಮೊದಲು ನುಗ್ಗಿ ಗುಂಡನ್ನು ಓರೆ ತಳ್ಳುತ್ತದೆ. ಬುಗುರಿಗೆ ಬಿಡುವಾಗಲೇ ತಟ್ಟಿದ ಹಾಗೆ. ಇದನ್ನು ಮನೆಯಲ್ಲಿ ಅರ ಹಾಕಿ ಸರಿಮಾಡಲು ಹೋಗಬಾರದು. ಲೈಸೆನ್ಸು ಇಲ್ಲದೆ ಬಂದೂಕು ರಿಪೇರಿ ಮಾಡುವುದು, ನಳಿಗೆ ತುಂಡು ಮಾಡುವುದು 1959ರ ಆಯುಧ ಕಾಯಿದೆಯಲ್ಲಿ ಅಪರಾಧ. ಲೈಸೆನ್ಸು ಇರುವ ರಿಪೇರಿಯವರಲ್ಲಿ ಕೊಟ್ಟೆ, ಅವರು ಬಾಯಿಯ ಅಂಚನ್ನು ಮಟ್ಟ ಮಾಡಿಕೊಟ್ಟರು. ಒಂದು ಮೂಟೆ ಗೊಬ್ಬರದಷ್ಟು ಖರ್ಚಾಯಿತು. ಈಗ ಐದು ಗುಂಡು ಒಂದೂಕಾಲು ಅಂಗುಲದೊಳಗೆ ಬೀಳುತ್ತವೆ.

ಒರೆಸುವುದನ್ನು ಈಗ ಹಿಂದಿನಿಂದಲೇ ಮಾಡುತ್ತೇನೆ, ಹೊದಿಕೆಯಿರುವ ಸರಳಿನಿಂದ. ಅದೂ ಪದೇ ಪದೇ ಅಲ್ಲ. ಇದರ ಗುಂಡು ಮೆತ್ತನೆಯ ಸೀಸ, ಮೇಣ ಹಚ್ಚಿದ್ದು, ನಳಿಗೆಯನ್ನು ಅಷ್ಟು ಸವೆಸುವುದಿಲ್ಲ. ಪೂರಾ ತೊಳೆದರೆ ಮುಂದಿನ ಹತ್ತು ಗುಂಡು ಮತ್ತೆ ಅಲೆದಾಡುತ್ತವೆ. ತೋಟಾ ಕೂರುವ ಜಾಗದ ಮುಂದೆ ಮಾತ್ರ ಮಸಿಯ ಉಂಗುರ ಕಟ್ಟುತ್ತದೆ, ಅದನ್ನು ಬಿಡಬಾರದು. ಖಾಲಿ ಬಂದೂಕಿನ ಕುದುರೆ ಎಳೆದು ಟಕ್ ಟಕ್ ಅನ್ನಿಸುವ ಚಟ ಹಲವರಿಗಿದೆ. ಬಹಳಷ್ಟು .22ಗಳಲ್ಲಿ ತೋಟಾ ಇಲ್ಲದಾಗ ಮೊಳೆ ನಳಿಗೆಯ ಅಂಚಿಗೇ ಬಡಿದು ಗುಳಿ ಬೀಳಿಸುತ್ತದೆ. ಆಮೇಲೆ ಕೊಪ್ಪು ಸಿಕ್ಕಿಕೊಳ್ಳುತ್ತದೆ, ಹತ್ತದಿರುವುದೂ ಹೆಚ್ಚುತ್ತದೆ.

ನಳಿಗೆಯನ್ನು ಕಲ್ಲಿನ ಮೇಲಾಗಲಿ ಗೂಟದ ಮೇಲಾಗಲಿ ಊರಿ ಹೊಡೆಯಬಾರದು, ಅದು ನೆಗೆದು ಗುಂಡು ಬೇರೆ ಕಡೆ ಹೋಗುತ್ತದೆ. ಚೀಲದ ಮೇಲೆ ಮರ ಕೂರಬೇಕು. ಗಾಳಿಯ ಬಗ್ಗೆ ನಮ್ಮ ಬಯಲು ಸೀಮೆಯವರಿಗೆ ಹೇಳಬೇಕಿಲ್ಲ. ಗಂಟೆಗೆ ಹದಿನಾರು ಕಿಲೋಮೀಟರಿನ ಅಡ್ಡಗಾಳಿ ಐವತ್ತು ಮೀಟರಿನಲ್ಲಿ ಗುಂಡನ್ನು ಒಂದಂಗುಲದಷ್ಟು, ನೂರು ಮೀಟರಿನಲ್ಲಿ ನಾಲ್ಕಂಗುಲದಷ್ಟು ಸರಿಸುತ್ತದೆ. ಐವತ್ತಕ್ಕೆ ಸೈಟು ಕೂಡಿಸಿದ ಬಂದೂಕು ನೂರರಲ್ಲಿ ಹಲವು ಅಂಗುಲ ಕೆಳಗೆ ಹೊಡೆಯುತ್ತದೆ. ಅದು ಬಂದೂಕಿನ ದೋಷವಲ್ಲ.

ನನಗೆ ಇನ್ನೂ ಉಳಿದಿರುವುದು ಒಂದು. ಮಾಗಿಯ ಬೆಳಗಿನಲ್ಲಿ ಮೊದಲ ಗುಂಡು ಉಳಿದ ನಾಲ್ಕಕ್ಕಿಂತ ಅರ್ಧ ಅಂಗುಲ ಮೇಲೆ ಬೀಳುತ್ತಿದೆ. ನೋಟುಬುಕ್ಕಿನಲ್ಲಿ ದಿನ, ಹೊತ್ತು, ತೋಟಾದ ನಂಬರು ಬರೆಯುತ್ತಿದ್ದೇನೆ. ಇದುವರೆಗೆ ಒಂಬತ್ತು ದಿನದ್ದು ಬರೆದಿದ್ದೇನೆ.