ರನ್ನನ ರಣರಂಗ

ಯುದ್ಧವನ್ನು ವರ್ಣಿಸುವ ಕವಿಗೆ ಅರ್ಥವೊಂದೇ ಸಾಲದು, ಶಬ್ದವೂ ಕಾದಬೇಕು. ಕ್ರಿ.ಶ. 982ರ ಸುಮಾರಿಗೆ ರನ್ನನು ರಚಿಸಿದ ‘ಗದಾಯುದ್ಧ’ವೆಂಬ ಚಂಪೂಕಾವ್ಯದಲ್ಲಿ, ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ಭೀಮನು ದಡದಲ್ಲಿ ನಿಂತು ಗರ್ಜಿಸಿ ಕರೆಯುವ ಪ್ರಸಂಗವನ್ನು ವಿದ್ಯಾರ್ಥಿನಿಯರು ಗಟ್ಟಿಯಾಗಿ ಓದಿ ನೋಡಲಿ. ರೇಫಗಳೂ ಒತ್ತಕ್ಷರಗಳೂ ಒಂದರ ಮೇಲೊಂದು ಬಂದು ಬೀಳುತ್ತವೆ. ನಮ್ಮ ಚಿನ್ನದ ಗಣಿಯ ಪ್ರದೇಶದಲ್ಲಿ ಮನೆಮಾತು ತಮಿಳಾಗಿರುವ ಬಾಲೆಯರು ಬಹುಮಂದಿ. ಅವರು ಮಹಾಪ್ರಾಣಗಳಲ್ಲಿ ಎಡವುವುದುಂಟು. ಎಡವಿದರೂ ಚಿಂತೆಯಿಲ್ಲ, ಪಿಸುದನಿಯಲ್ಲಿ ಮಾತ್ರ ಓದಬಾರದು.

ಇದಕ್ಕೂ ಮೊದಲು ಅದೇ ಕವಿಯು ದುರ್ಯೋಧನನನ್ನು ಹೆಣಗಳ ನಡುವೆ ನಡೆಯಿಸುತ್ತಾನೆ. ಅಲ್ಲಿ ಭಾಷೆಯೇ ಬೇರೆ. ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಇವರೊಬ್ಬೊಬ್ಬರ ಮುಂದೆಯೂ ಅರಸನು ನಿಲ್ಲುತ್ತಾನೆ. ಸತ್ತವರನ್ನೇ ಕರೆದು ಮಾತನಾಡುತ್ತಾನೆ. ವರ್ಣನೆಯು ಅಡಗಿ ಸಂಬೋಧನೆಯು ಉಳಿಯುತ್ತದೆ. ಶತ್ರುವಿನ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಅವನು ಕೊಂಡಾಡುತ್ತಾನೆ. ತನಗೆ ಆಶ್ರಯವಿತ್ತ ಚಾಲುಕ್ಯ ಸತ್ಯಾಶ್ರಯನನ್ನು ಭೀಮನಿಗೆ ಸಮೀಕರಿಸಿ ರನ್ನನು ಬರೆದ ಕಾವ್ಯವಿದು. ಆದರೂ ಓದುವವರ ಕಣ್ಣೀರು ಸೋತವನಿಗೇ ಸಲ್ಲುತ್ತದೆ. ಇದು ಕವಿಯ ಕೈತಪ್ಪಿ ಆದದ್ದೆಂದು ನಾನು ನಂಬಲಾರೆನು.

ನಮ್ಮ ಕೋಲಾರ ಸೀಮೆಯಲ್ಲಿ ವೀರಗಲ್ಲುಗಳು ಅನೇಕ. ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಸ್ವರ್ಗ. ಬಂಗಾರಪೇಟೆಯ ಕಡೆಯಿಂದ ಬರುವ ವಿದ್ಯಾರ್ಥಿನಿಯರು ಊರ ಹೊರಗೆ ಅಂಥ ಕಲ್ಲನ್ನು ಕಂಡರೆ, ಅಳುವವರನ್ನು ಅದರಲ್ಲಿ ಎಲ್ಲಿಯಾದರೂ ಕೆತ್ತಿದ್ದಾರೆಯೇ ಎಂದು ನೋಡಿಬಂದು ನನಗೆ ತಿಳಿಸಲಿ.