ಹಳೆಯ ಸರ್ಕಾರಿ ಮನೆಗೆ ಹೊಸ ಕರಾರು: ಅಮೆರಿಕದ ಬಾಡಿಗೆದಾರರಿಂದ ಒಂದು ಪಾಠ



ಸರ್ಕಾರ ಬಡವರಿಗೆ ಮನೆ ಕಟ್ಟಿಸಿತು ಅಂದರೆ ನಾವೆಲ್ಲ ಸಂತೋಷ ಪಡುತ್ತೇವೆ. ಆದರೆ ಮನೆಗೂ ವಯಸ್ಸಾಗುತ್ತದೆ. ತಾರಸಿ ಸೋರುತ್ತದೆ, ಪೈಪು ತುಕ್ಕು ಹಿಡಿಯುತ್ತದೆ, ಗೋಡೆಗೆ ಬೂಸ್ಟು ಬರುತ್ತದೆ. ಆಗ ದುರಸ್ತಿ ಖರ್ಚು ಯಾರು ಕೊಡಬೇಕು? ಖಾಸಗಿ ಹಣ ತಂದರೆ ಮನೆ ಬಡವರ ಕೈಯಲ್ಲೇ ಉಳಿಯುತ್ತದೆಯೇ? ಶ್ರೀಮಂತ ದೇಶ ಅಂತ ನಾವು ತಿಳಿದಿರುವ ಅಮೆರಿಕದಲ್ಲಿ ಈ ಪ್ರಶ್ನೆ ಲಕ್ಷಾಂತರ ಕುಟುಂಬಗಳಿಗೆ ಎದುರಾಯಿತು. ಅವರು ಕಂಡುಕೊಂಡ ದಾರಿ ಏನು, ಅದರಲ್ಲಿ ಒಳ್ಳೆಯದೇನು, ಎಚ್ಚರಿಕೆ ಎಲ್ಲಿ ಬೇಕು ಅಂತ ಈ ಪಾಠದಲ್ಲಿ ನೋಡೋಣ.

ಹಿನ್ನೆಲೆ

ಅಮೆರಿಕದಲ್ಲಿ 1937ರ ವಸತಿ ಕಾನೂನಿನಿಂದ ಸರ್ಕಾರಿ ಬಾಡಿಗೆ ಮನೆಗಳು ಶುರುವಾದವು. ಇವು ಸ್ವಂತ ಮನೆಗಳಲ್ಲ. ಊರೂರಿನ ವಸತಿ ಪ್ರಾಧಿಕಾರ ಮಾಲೀಕ, ಬಡ ಕುಟುಂಬ ಬಾಡಿಗೆದಾರ. ಮೊದಮೊದಲು ಬಾಡಿಗೆ ಹಣದಿಂದಲೇ ದಿನನಿತ್ಯದ ಖರ್ಚು ನಡೆಯುತ್ತಿತ್ತು. ಖರ್ಚು ಏರಿದಂತೆ ಬಾಡಿಗೆಯೂ ಏರಿತು, ಬಡವರಿಗೆ ಕೊಡಲು ಆಗದೆ ಹೋಯಿತು. ಆದ್ದರಿಂದ 1969ರಲ್ಲಿ ಸೆನೆಟರ್ ಎಡ್ವರ್ಡ್ ಬ್ರೂಕ್ ಅವರು ತಂದ ತಿದ್ದುಪಡಿಯಿಂದ ಬಾಡಿಗೆ ಕುಟುಂಬದ ಆದಾಯದ ಶೇಕಡಾ 25ನ್ನು ಮೀರಬಾರದು ಅಂತ ಆಯಿತು. 1981ರಲ್ಲಿ ಅದು ಶೇಕಡಾ 30 ಆಯಿತು.

ಇದು ಬಡವರಿಗೆ ದೊಡ್ಡ ರಕ್ಷಣೆ. ಆದರೆ ಕಡಿಮೆಯಾದ ಹಣವನ್ನು ಕೇಂದ್ರ ಸರ್ಕಾರ ತುಂಬಿಕೊಡಬೇಕಿತ್ತು. ಅದು ವರ್ಷ ವರ್ಷ ಸಾಕಷ್ಟು ಕೊಡಲಿಲ್ಲ. ದುರಸ್ತಿ ಮುಂದಕ್ಕೆ ಹೋಗುತ್ತಾ ಹೋಯಿತು. 2010ರಲ್ಲಿ ಲೆಕ್ಕ ಹಾಕಿದಾಗ ಬಾಕಿ ಉಳಿದ ದುರಸ್ತಿಗೆ ಸುಮಾರು 2,600 ಕೋಟಿ ಡಾಲರ್ ಬೇಕು ಅಂತ ಗೊತ್ತಾಯಿತು. ವಾಸಕ್ಕೆ ಯೋಗ್ಯವಲ್ಲದೆ ಸಾವಿರಾರು ಮನೆಗಳು ಪ್ರತಿ ವರ್ಷ ಕೈಬಿಟ್ಟು ಹೋಗುತ್ತಿದ್ದವು.

ಹೊಸ ದಾರಿ

ಬ್ಯಾಂಕಿನಿಂದ ಸಾಲ ತಂದು ದುರಸ್ತಿ ಮಾಡಬಹುದಲ್ಲ ಅಂತ ನೀವು ಕೇಳಬಹುದು. ಅದಕ್ಕೆ ಎರಡು ಅಡ್ಡಿ ಇತ್ತು. ಸರ್ಕಾರಿ ಮನೆಗಳನ್ನು ಅಡಮಾನ ಇಡದಂತೆ ನಿರ್ಬಂಧ ಇತ್ತು. ಜೊತೆಗೆ, ಮುಂದಿನ ವರ್ಷ ಎಷ್ಟು ಅನುದಾನ ಬರುತ್ತದೆ ಅಂತ ಯಾರಿಗೂ ಗೊತ್ತಿಲ್ಲದಿದ್ದರೆ ಯಾವ ಬ್ಯಾಂಕು ಸಾಲ ಕೊಡುತ್ತದೆ?

2011ರ ನವೆಂಬರಿನಲ್ಲಿ ಅಮೆರಿಕದ ಸಂಸತ್ತು ರೆಂಟಲ್ ಅಸಿಸ್ಟೆನ್ಸ್ ಡೆಮಾನ್‌ಸ್ಟ್ರೇಷನ್, ಅಂದರೆ ಬಾಡಿಗೆ ನೆರವಿನ ಪ್ರಯೋಗ ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಚಿಕ್ಕದಾಗಿ ಇದನ್ನು 'ರಾಡ್' ಅಂತಾರೆ. ಇದರಲ್ಲಿ ಹಳೆಯ ಅನುದಾನದ ಪದ್ಧತಿ ಬಿಟ್ಟು, ಅದೇ ಹಣವನ್ನು ದೀರ್ಘಕಾಲದ ಬಾಡಿಗೆ ಕರಾರಾಗಿ ಬದಲಾಯಿಸುತ್ತಾರೆ. ಒಂದು ಬಗೆಯ ಕರಾರು 20 ವರ್ಷದ್ದು, ಇನ್ನೊಂದು 15ರಿಂದ 20 ವರ್ಷದ್ದು. ನೆರವು ಆ ಕಟ್ಟಡಕ್ಕೇ ಅಂಟಿಕೊಂಡಿರುತ್ತದೆ. ಒಂದು ಕುಟುಂಬ ಬಿಟ್ಟು ಹೋದರೂ ಮುಂದೆ ಬರುವ ಬಡ ಕುಟುಂಬಕ್ಕೆ ಅದು ಸಿಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಕರಾರಿನಲ್ಲಿ ಮನೆಯ ತಿಂಗಳ ಬಾಡಿಗೆ 900 ಡಾಲರ್ ಅಂತ ಇಟ್ಟುಕೊಳ್ಳಿ. ಲೆಕ್ಕಕ್ಕೆ ಹಿಡಿಯುವ ಆದಾಯ 1,000 ಡಾಲರ್ ಇದ್ದರೆ ಆ ಕುಟುಂಬ ಕೊಡಬೇಕಾದ್ದು ಶೇಕಡಾ 30, ಅಂದರೆ 300. ಉಳಿದ 600 ಸರ್ಕಾರ ಕೊಡುತ್ತದೆ. ಈ ಹಣ ಇಷ್ಟು ವರ್ಷ ಬರುತ್ತದೆ ಅಂತ ಕರಾರು ತೋರಿಸಿದರೆ ಬ್ಯಾಂಕು ಸಾಲ ಕೊಡುತ್ತದೆ. 1986ರಿಂದ ಇರುವ ತೆರಿಗೆ ರಿಯಾಯಿತಿ ಯೋಜನೆಯಿಂದ ಖಾಸಗಿ ಬಂಡವಾಳವೂ ಬರುತ್ತದೆ. ಆ ದುಡ್ಡಲ್ಲಿ ದುರಸ್ತಿ ಆಗುತ್ತದೆ.

ಮೊದಲು 60,000 ಮನೆಗಳಿಗೆ ಮಾತ್ರ ಇದ್ದ ಮಿತಿಯನ್ನು 2018ರಲ್ಲಿ 4,55,000ಕ್ಕೆ ಏರಿಸಿದರು.

ಬಾಡಿಗೆದಾರರಿಗೆ ಇರುವ ರಕ್ಷಣೆಗಳು

1. ಅರ್ಜಿ ಹಾಕುವ ಮೊದಲೇ ನಿವಾಸಿಗಳ ಸಭೆ ಕರೆದು ವಿಷಯ ತಿಳಿಸಬೇಕು.
2. ಈಗಾಗಲೇ ವಾಸ ಇರುವವರನ್ನು ಮತ್ತೆ ಅರ್ಹತೆ ಪರೀಕ್ಷೆ ಮಾಡಿ ಹೊರಗೆ ಹಾಕುವಂತಿಲ್ಲ.
3. ದುರಸ್ತಿಗಾಗಿ ತಾತ್ಕಾಲಿಕವಾಗಿ ಬೇರೆ ಕಡೆ ಕಳುಹಿಸಿದರೆ ಮರಳಿ ಬರುವ ಹಕ್ಕು ಇದೆ.
4. ಲೆಕ್ಕದ ಕ್ರಮ ಬದಲಾಗಿ ಬಾಡಿಗೆ ಹೆಚ್ಚು ಏರಿದರೆ ಅದನ್ನು ಒಮ್ಮೆಲೇ ಅಲ್ಲ, ಕೆಲವು ವರ್ಷಗಳಲ್ಲಿ ಹಂತಹಂತವಾಗಿ ಏರಿಸಬೇಕು.
5. ನಿವಾಸಿಗಳು ಸಂಘ ಕಟ್ಟಬಹುದು. ಇದಕ್ಕಾಗಿ ವಾಸವಿರುವ ಪ್ರತಿ ಮನೆಗೆ ವರ್ಷಕ್ಕೆ 25 ಡಾಲರ್ ತೆಗೆದಿಡಬೇಕು.
6. ಕರಾರು ಮುಗಿದಾಗ ಅದನ್ನು ಮುಂದುವರಿಸಬೇಕು. ಸಾಲ ತೀರದೆ ಕಟ್ಟಡ ಹರಾಜಿಗೆ ಬಂದರೂ ಬಡವರಿಗಾಗಿ ಬಳಸಬೇಕೆಂಬ ಷರತ್ತು ಅದರ ಜೊತೆಗೇ ಹೋಗುತ್ತದೆ.

ಇಷ್ಟೆಲ್ಲ ಬರೆದಿದ್ದರೂ ಕಾಗದದ ಮೇಲಿನ ಹಕ್ಕು ತಾನಾಗಿ ಮನೆ ಬಾಗಿಲಿಗೆ ಬರೋದಿಲ್ಲ.

ನ್ಯೂಯಾರ್ಕಿನ ಅನುಭವ

ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಸಮುದ್ರ ತೀರದಲ್ಲಿ ಓಷನ್ ಬೇ ಎಂಬ ವಸತಿ ಸಮುಚ್ಚಯವಿದೆ. 24 ಕಟ್ಟಡ, ಸುಮಾರು 1,400 ಮನೆ. 2012ರ ಸ್ಯಾಂಡಿ ಚಂಡಮಾರುತದಲ್ಲಿ ಇದಕ್ಕೆ ಬಹಳ ಹಾನಿಯಾಯಿತು. 2016ರ ಕೊನೆಯಲ್ಲಿ ನಗರದ ಮೊದಲ ರಾಡ್ ಪರಿವರ್ತನೆ ಇಲ್ಲೇ ನಡೆಯಿತು. ತಾರಸಿ, ಅಡಿಗೆಮನೆ, ಬಚ್ಚಲುಮನೆ, ಬಿಸಿನೀರಿನ ವ್ಯವಸ್ಥೆ ಹೊಸದಾದವು. ವರ್ಷಗಟ್ಟಲೆ ಕಾದರೂ ಆಗದ ಕೆಲಸ ಆಯಿತು.

ಆದರೆ ಇದರ ಇನ್ನೊಂದು ಮುಖವೂ ಇದೆ. ಆಡಳಿತ ಖಾಸಗಿಯವರ ಕೈಗೆ ಹೋದ ಮೇಲೆ ಅಲ್ಲಿ ಮನೆ ಖಾಲಿ ಮಾಡಿಸುವ ಪ್ರಕರಣಗಳು ಹೆಚ್ಚಾದವು ಅಂತ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2022ರ ವರದಿಯಲ್ಲಿ ಹೇಳಿತು. ಮೇಲ್ವಿಚಾರಣೆ ಕಡಿಮೆಯಾಗುವುದರ ಬಗ್ಗೆಯೂ ಎಚ್ಚರಿಸಿತು. ಅದಕ್ಕೂ ಮೊದಲೇ, 2018ರಲ್ಲಿ, ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿ ಬಾಡಿಗೆದಾರರ ರಕ್ಷಣೆಗಳು ನಿಜವಾಗಿ ಪಾಲನೆ ಆಗುತ್ತಿವೆಯೇ ಅಂತ ವಸತಿ ಇಲಾಖೆ ಇನ್ನೂ ಚೆನ್ನಾಗಿ ಗಮನಿಸಬೇಕು ಎಂದು ಶಿಫಾರಸು ಮಾಡಿತ್ತು.

2022ರಲ್ಲಿ ನ್ಯೂಯಾರ್ಕ್ ರಾಜ್ಯ ಇನ್ನೊಂದು ದಾರಿ ತೆರೆಯಿತು. ಒಡೆತನ ಸಾರ್ವಜನಿಕವಾಗಿಯೇ ಉಳಿದು, ಒಂದು ಸಾರ್ವಜನಿಕ ಟ್ರಸ್ಟ್ ಮೂಲಕ ದುರಸ್ತಿಗೆ ಹಣ ತರುವ ಕ್ರಮ ಅದು. 2023ರಲ್ಲಿ ಬ್ರೂಕ್ಲಿನ್ನಿನ ನಾಸ್ಟ್ರಾಂಡ್ ಹೌಸಸ್ ನಿವಾಸಿಗಳ ಮುಂದೆ ಮೂರು ಆಯ್ಕೆ ಇಟ್ಟು ಮತ ಹಾಕಿಸಿದರು: ಟ್ರಸ್ಟ್, ಖಾಸಗಿ ಆಡಳಿತ, ಇಲ್ಲವೇ ಇದ್ದ ಹಾಗೇ ಇರೋದು. ಅವರು ಟ್ರಸ್ಟನ್ನು ಆರಿಸಿದರು. ಯಾವುದು ಗೆದ್ದಿತು ಅನ್ನೋದಕ್ಕಿಂತ, ಅಲ್ಲಿ ವಾಸ ಮಾಡುವವರನ್ನೇ ಕೇಳಿದರು ಅನ್ನೋದು ನಮಗೆ ಮುಖ್ಯ.

ನಮಗೆ ಯಾಕೆ ಈ ವಿಷಯ?

ನಮ್ಮಲ್ಲಿ ಸರ್ಕಾರ ಬಡವರಿಗೆ ಹೆಚ್ಚಾಗಿ ಸ್ವಂತ ಮನೆ, ಹಕ್ಕುಪತ್ರ ಕೊಡುವ ರೂಢಿ. ಆದರೆ 2020ರಲ್ಲಿ ನಮ್ಮ ಕೇಂದ್ರ ಸರ್ಕಾರವೂ ನಗರಗಳಲ್ಲಿ ಖಾಲಿ ಬಿದ್ದಿರುವ ಸರ್ಕಾರಿ ವಸತಿ ಯೋಜನೆಯ ಮನೆಗಳನ್ನು 25 ವರ್ಷದ ಕರಾರಿನ ಮೇಲೆ ಬಾಡಿಗೆ ಮನೆ ಮಾಡುವ ಯೋಜನೆ ತಂದಿತು. ವಲಸೆ ಕಾರ್ಮಿಕರು, ನಗರದ ಬಡವರು ಇದರ ಫಲಾನುಭವಿಗಳು. ಹಾಗಾಗಿ ಕರಾರು ಓದುವ ಅಭ್ಯಾಸ ನಮಗೂ ಬೇಕು.

1987ರಲ್ಲಿ, ವಿಶ್ವಸಂಸ್ಥೆಯ ವಸತಿಹೀನರ ವರ್ಷದ ಸಂದರ್ಭದಲ್ಲಿ, ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಆಯೋಗ ಒಂದು ದಾಖಲೆ ಹೊರಡಿಸಿತು. ಮನೆಯನ್ನು ಬರೀ ಮಾರುಕಟ್ಟೆಯ ಸರಕಾಗಿ ನೋಡಬಾರದು ಎಂಬುದು ಅದರ ನಿಲುವು. ಸಾಲ, ಬಂಡವಾಳ, ಕರಾರು ಇವೆಲ್ಲ ಕುಟುಂಬದ ನೆಮ್ಮದಿಗಾಗಿ ಇರಬೇಕೇ ಹೊರತು, ಕುಟುಂಬ ಅವುಗಳಿಗಾಗಿ ಅಲ್ಲ. ಹಣ ಹೊರಗಿನಿಂದ ಬರೋದೇ ತಪ್ಪು ಅಂತ ನಾವು ಹೇಳೋದಿಲ್ಲ. ಸೋರುವ ಮನೆಯಲ್ಲಿ ಮಕ್ಕಳನ್ನು ಮಲಗಿಸುವ ತಾಯಿಗೆ ದುರಸ್ತಿ ಬೇಕೇ ಬೇಕು. ಆದರೆ ಸಹಿ ಬೀಳುವ ಮೊದಲು ಆ ತಾಯಿಯ ಮಾತಿಗೂ ಜಾಗ ಇರಬೇಕು. ಒಂಟಿಯಾಗಿ ಕೇಳಿದರೆ ಉತ್ತರ ಸಿಗದು, ಸಂಘವಾಗಿ ಕೇಳಿದರೆ ಕೊಡಲೇಬೇಕಾಗುತ್ತದೆ.

ಸಂಘದ ಸಭೆಯಲ್ಲಿ ಚರ್ಚಿಸಿ

1. ನಮ್ಮ ಬಡಾವಣೆಯಲ್ಲಿ ಸರ್ಕಾರ ಕಟ್ಟಿಸಿದ ಮನೆಗಳಿವೆಯೇ? ದುರಸ್ತಿ ಯಾರ ಜವಾಬ್ದಾರಿ ಅಂತ ಎಲ್ಲಿ ಬರೆದಿದೆ?
2. ದುರಸ್ತಿಗಾಗಿ ಮನೆ ಬಿಡಿ ಅಂದರೆ, ಮರಳಿ ಬರುವ ಬಗ್ಗೆ ಬರಹದಲ್ಲಿ ಏನು ಕೇಳಬೇಕು?
3. ಕರಾರು ಮುಗಿದ ಮೇಲೆ ಮನೆ ಯಾರದು? ಬಾಡಿಗೆ ಯಾರು ನಿರ್ಧರಿಸುತ್ತಾರೆ?
4. ದೂರು ಇದ್ದರೆ ಯಾರಿಗೆ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ ಬರಬೇಕು?

ಮುಂದಿನ ಸಭೆಗೆ ಬರುವಾಗ ನಿಮ್ಮ ಹಕ್ಕುಪತ್ರ ಅಥವಾ ಬಾಡಿಗೆ ಪತ್ರದ ಒಂದು ಜೆರಾಕ್ಸ್ ಪ್ರತಿ ತನ್ನಿ. ಓದು ಬಲ್ಲವರು ಗಟ್ಟಿಯಾಗಿ ಓದಲಿ, ಉಳಿದವರು ಕೇಳಿ ಪ್ರಶ್ನೆ ಹಾಕಲಿ.